ಪ್ಯಾಕೆಟ್ಟಿನ ಮೇಲೆ ಕಳ್ಳಿ

ಪ್ಲಾಸ್ಟಿಕ್ ಫಿಲ್ಮಿನ ಸುರುಳಿ, ಹುಟ್ಟಿ ವಾರವಾದ ಕರುವಿನಷ್ಟು ಭಾರವಿತ್ತು, ಕರುವಿನಷ್ಟೇ ಹಟವೂ ಅದಕ್ಕಿತ್ತು. ದೋಣಿಕಟ್ಟೆಯಿಂದ ಪ್ಯಾಕಿಂಗ್ ಕೋಣೆಯ ತನಕ ಕೈಗಾಡಿಯಲ್ಲಿ ತಳ್ಳಿಕೊಂಡು ಬರುವಾಗ ನಾನು ಎಡಕ್ಕೆ ಅಂದರೆ ಅದು ಬಲಕ್ಕೆ ಅನ್ನುತ್ತಿತ್ತು. ಅಣ್ಣ ಕೆಲಸ ಮಾಡುವ ದೋಣಿಯಲ್ಲಿ ಅಂಥವು ಇನ್ನೂ ಒಂದು ರಾಶಿ ಬಂದಿದ್ದವು. ಹಾಲಿನ ಪ್ಯಾಕೆಟ್ಟಿಗೆ ಫಿಲ್ಮು ಅಚ್ಚು ಹಾಕಿಕೊಡುವವರು ನಮ್ಮಂಥ ಪುಟ್ಟ ದ್ವೀಪಕ್ಕೆ ಬೇಕಾದಷ್ಟೇ ಹಾಕಿಕೊಡುವುದಿಲ್ಲ. ಹಾಕಿದರೆ ಮೂರು ನಾಲ್ಕು ವರ್ಷಕ್ಕಾಗುವಷ್ಟು, ಇಲ್ಲದಿದ್ದರೆ ಬೇರೆ ಬಾಗಿಲು ನೋಡಿಕೊಳ್ಳಿ ಅನ್ನುತ್ತಾರೆ. ಮದುವೆಗೆ ಒಪ್ಪಿದ ಹಾಗೆ. ಒಮ್ಮೆ ಹೂಂ ಅಂದಮೇಲೆ ಮುಖ ಚೆನ್ನಾಗಿಲ್ಲ ಅನ್ನುವಂತಿಲ್ಲ.

ಪ್ಯಾಕಿಂಗ್ ಕೋಣೆ ಎಂದರೆ ದೋಣಿಕಟ್ಟೆಯ ಪಕ್ಕದ ಹಳೆಯ ಐಸ್ ಮನೆ. ಮೊಳ ದಪ್ಪದ ಗೋಡೆ, ಒಂದೇ ಕಿಟಕಿ, ತೊಳೆದ ನೀರು ತಾನಾಗಿ ಹರಿದುಹೋಗುವಂತೆ ಇಳಿಜಾರು ಮಾಡಿದ ನೆಲ. ಮೀನಿಗೆ ಕಟ್ಟಿದ ತಂಪು ಹಾಲಿಗೂ ಆಗುತ್ತದೆ ಎಂದು ಕಂಡುಕೊಂಡವಳು ನನ್ನ ಅತ್ತಿಗೆ. ಪ್ಯಾಕೆಟ್ ತುಂಬುವ ಯಂತ್ರವನ್ನು ತಂದವಳೂ ಅವಳೇ. ಅದು ಮೊದಲು ಆಚೆ ದಡದಲ್ಲಿ ಕಿತ್ತಳೆ ರಸ ತುಂಬುತ್ತಿತ್ತಂತೆ. ಎಷ್ಟು ಸಲ ಬಿಚ್ಚಿ ತೊಳೆದರೂ ಬಿಸಿಯಾದ ಕೂಡಲೇ ಸಣ್ಣಗೆ ಕಿತ್ತಳೆ ವಾಸನೆ ಬರುತ್ತಿತ್ತು. "ಪಾಪ, ಇನ್ನೂ ತವರುಮನೆ ನೆನಪು ಹೋಗಿಲ್ಲ," ಎಂದು ಅತ್ತಿಗೆ ಅದರ ಬೆನ್ನು ತಟ್ಟಿ ಮತ್ತೊಮ್ಮೆ ಬಿಚ್ಚುತ್ತಿದ್ದಳು. ಅವಳೂ ಆಚೆ ದಡದಿಂದ ಮದುವೆಯಾಗಿ ಬಂದವಳೇ.

ಅವಳಿಗೆ ಈ ಕೆಲಸದಲ್ಲಿ ಜೀವ ಸಿಕ್ಕಿಕೊಂಡಿತ್ತು. ನಮ್ಮಲ್ಲಿ ಹಸು ಸಾಕುವ ಮನೆಗಳೆಲ್ಲ ಸೇರಿ ನಡೆಸುವ ಡೈರಿ ಇದು. ಮೊದಲೆಲ್ಲ ಕ್ಯಾನಿನಿಂದ ಸೌಟಿನಲ್ಲಿ ಅಳೆದು ಹಾಕುತ್ತಿದ್ದೆವು. ಜನ ಪಾತ್ರೆ ಹಿಡಿದು ನಿಲ್ಲುವುದನ್ನು ನಿಧಾನವಾಗಿ ಬಿಟ್ಟರು. ದೋಣಿಯಲ್ಲಿ ಬರುವ ಆಚೆ ದಡದ ಹಾಲಿಗೆ ಮುಚ್ಚಿದ ಬಾಯಿ ಇತ್ತು, ತಾರೀಖು ಇತ್ತು, ಅಂಗಡಿಯ ಗಾಜಿನ ಫ್ರಿಜ್ಜಿನಲ್ಲಿ ಜಾಗ ಇತ್ತು. ನಮ್ಮ ಹಾಲು ಕುಡಿಯುವವರು ಕಡಿಮೆಯಾದಂತೆ ಒಂದೊಂದೇ ಮನೆಯ ಹಸು ದೋಣಿ ಹತ್ತಿತು. ಡೈರಿಯ ಸಭೆಯಲ್ಲಿ ಇನ್ನೂ ಎರಡು ಮನೆಯವರು ಮಾರುತ್ತೇವೆ ಎಂದಾಗ ಅತ್ತಿಗೆ ಎದ್ದು ನಿಂತು, "ಪ್ಯಾಕೆಟ್ ಬರೋ ತನಕ ತಡೀರಿ. ನನ್ನ ಮಾತಿನ ಮೇಲೆ ಒಂದು ಸಲ ನಿಲ್ಲಿ," ಎಂದಿದ್ದಳು. ಅವರು ನಿಂತರು. ಈಗ ಅವಳು ಗೆಲ್ಲಲೇಬೇಕಿತ್ತು.

ಗೆಲ್ಲಿಸುವ ಕೈ ಅಂಗಡಿ ಅಕ್ಕನದು. ದ್ವೀಪದಲ್ಲಿ ಫ್ರಿಜ್ಜಿರುವ ಅಂಗಡಿ ಅದೊಂದೇ. ಅವಳೂ ನಾನೂ ಶಾಲೆಯಲ್ಲಿ ಒಂದೇ ಬೆಂಚಿನವರು. ಆ ಸಲಿಗೆಯಲ್ಲಿ ನಾನೇ ಅತ್ತಿಗೆಯನ್ನು ಕರೆದುಕೊಂಡು ಹೋಗಿದ್ದೆ.

"ಬೆಂಚು ಬೇರೆ, ಫ್ರಿಜ್ ಬೇರೆ," ಎಂದಳು ಅಂಗಡಿ ಅಕ್ಕ ಮೊದಲ ಮಾತಿಗೇ. "ಮಧ್ಯದ ಒಂದು ಸಾಲು ಕೊಡ್ತೀನಿ. ಒಂದು ವಾರ. ಬೆಳಿಗ್ಗೆ ಸಾಲು ತುಂಬಿರಬೇಕು, ಸಂಜೆ ನಾನು ಬಾಗಿಲು ಎಳೆಯೋವಾಗ ಖಾಲಿ ಇರಬೇಕು. ತುಂಬದೇ ಹೋದ್ರೂ ನಂಗೆ ಬೇಡ, ಉಳಿದ್ರೂ ನಂಗೆ ಬೇಡ. ಶನಿವಾರ ಸಂಜೆ ಹೇಳ್ತೀನಿ, ಮುಂದೆ ಇಡ್ತೀನೋ ಇಲ್ವೋ ಅಂತ."

"ಅಷ್ಟು ಖಡಕ್ಕಾ?" ಎಂದೆ ನಾನು.

"ಮುಖ ನೋಡಿ ಮಣೆ ಹಾಕಿದ್ರೆ ನಾನು ಅಂಗಡಿ ಮುಚ್ಚಿ ನಿಮ್ಮನೇಲಿ ಹಾಲು ಕರೀಬೇಕಾಗುತ್ತೆ."

ಇಷ್ಟೆಲ್ಲ ಆದಮೇಲೆ ಸೋಮವಾರ ಬೆಳಿಗ್ಗೆ ಸುರುಳಿಯ ಮೇಲಿನ ಕಂದು ಕಾಗದವನ್ನು ಕತ್ತರಿಸಿದೆವು. ಅತ್ತಿಗೆ ಮೊದಲು ಅಂಚು ನೋಡಿದಳು, ಬೆಸುಗೆ ಹಾಕಲು ಬಿಟ್ಟ ಖಾಲಿ ಪಟ್ಟಿ ನೋಡಿದಳು, ಎಲ್ಲಿ ಕತ್ತರಿಸಬೇಕೆಂದು ಯಂತ್ರದ ಕಣ್ಣಿಗೆ ತಿಳಿಸುವ ಪುಟ್ಟ ಕರಿ ಗುರುತನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಎಲ್ಲ ಸರಿ ಇದೆ ಕಣೇ," ಎಂದು ಉಸಿರು ಬಿಟ್ಟಳು.

ನಾನು ಹಸುವಿನ ಚಿತ್ರ ನೋಡುತ್ತಿದ್ದೆ.

"ಅತ್ತಿಗೆ, ಇದು ಕಳ್ಳಿ."

"ಯಾವ ಕಳ್ಳಿ?"

"ನಮ್ಮನೆ ಕಳ್ಳಿ. ಸೊಟ್ಟ ಕೊಂಬು ನೋಡು. ಹಣೆ ಮೇಲೆ ಹಾಲು ಚೆಲ್ಲಿದ ಹಾಗೆ ಮಚ್ಚೆ ನೋಡು."

ಅತ್ತಿಗೆ ನೋಡಿದಳು. ಸುರುಳಿಯನ್ನು ಒಂದು ಸುತ್ತು ಬಿಚ್ಚಿದಳು. ಅಲ್ಲೂ ಕಳ್ಳಿ. ಇನ್ನೊಂದು ಸುತ್ತು. ಕಳ್ಳಿಯ ಹಿಂದೆ ಕಳ್ಳಿ, ಅದರ ಹಿಂದೆ ಕಳ್ಳಿ, ಮೂರು ನಾಲ್ಕು ವರ್ಷಕ್ಕಾಗುವಷ್ಟು ಕಳ್ಳಿಯರು.

ನಮ್ಮ ದ್ವೀಪದಲ್ಲಿ ಹಸುಗಳನ್ನು ಜನರು ಮನುಷ್ಯರ ಹಾಗೆ ಮುಖ ನೋಡಿ ಗುರುತು ಹಿಡಿಯುತ್ತಾರೆ. ಯಾರ ಮನೆಯ ಹಸು, ಯಾರ ಮಗಳು, ಎಷ್ಟು ಕೊಡುತ್ತದೆ, ಯಾರನ್ನು ಒದ್ದಿದೆ, ಎಲ್ಲ ಗೊತ್ತು. ಕಳ್ಳಿಯಂತೂ ಹಾಲು ಬತ್ತಿ ವರ್ಷಗಳಾಗಿ, ಅಮ್ಮನ ಮುದ್ದಿನಲ್ಲಿ ಬದುಕುತ್ತಿದ್ದ ಹಸು. ಅಮ್ಮ ಒಬ್ಬಳೇ ಅದನ್ನು ಬಂಗಾರಿ ಎನ್ನುತ್ತಿದ್ದಳು. ಉಳಿದವರೆಲ್ಲ ಕಳ್ಳಿ ಎನ್ನುತ್ತಿದ್ದುದಕ್ಕೆ ಕಾರಣ ಮೇಷ್ಟರ ಹುರುಳಿಕಾಯಿ ಸಾಲು, ದರ್ಜಿಯ ಕಿಟಕಿಯಲ್ಲಿ ನೇತುಹಾಕಿದ್ದ ಬಟ್ಟೆ, ಎಲ್ಲರಿಗಿಂತ ಹೆಚ್ಚಾಗಿ ಗಡ್ಡದ ಮಾವನ ಹುಲ್ಲು. ಯಾರು ಬಂದು ದೂರಿದರೂ ಅಮ್ಮನದು ಒಂದೇ ಪಾಠ: "ನನ್ನ ಬಂಗಾರಿ ಕೊಟ್ಟಿಗೆ ಬಿಟ್ಟು ಕದಲಲ್ಲ. ಗೇಟು ತೆರೆದಿತ್ತಾ? ಗಾಳಿ ಇರಬೇಕು."

"ಹೆಂಗಾಯ್ತು ಅತ್ತಿಗೆ ಇದು?"

ಅತ್ತಿಗೆ ಹಣೆಗೆ ಕೈ ಹಚ್ಚಿಕೊಂಡು ಮಗುಚಿದ ಬಕೆಟ್ಟಿನ ಮೇಲೆ ಕುಳಿತಳು. ಅಚ್ಚಿನವರ ಕಡೆಯಿಂದ ಫೋಟೋದವನು ಬಂದ ದಿನ ಅವಳು ಯಂತ್ರದ ಒಳಗೆ ತಲೆ ಹಾಕಿದ್ದಳಂತೆ. ಅವನು ಒಬ್ಬನೇ ಸುತ್ತಿ ಹತ್ತಾರು ಫೋಟೋ ತೆಗೆದುಕೊಂಡು ದೋಣಿ ಹತ್ತಿದ. ಆಮೇಲೆ ಫೋನ್ ಮಾಡಿ ಯಾವ ಹಸು ಹಾಕಲಿ ಎಂದು ಕೇಳಿದ. ಮಾದರಿ ಬಂದಾಗ ಚಿತ್ರದ ಜಾಗದಲ್ಲಿ ಬರೀ ಬೂದು ಬಣ್ಣ ಇತ್ತು. ಇವಳು ಅಂಚನ್ನೂ ಅಕ್ಷರವನ್ನೂ ನೋಡಿ ಒಪ್ಪಿದಳು.

"ಅವನು ಕೇಳ್ದಾಗ ನೀನೇನಂದೆ?"

"ಮೈ ತುಂಬ್ಕೊಂಡು ಚೆನ್ನಾಗಿ ಕಾಣೋದನ್ನ ಹಾಕಿ, ಹಸು ಹಸುವೇ ತಾನೇ ಅಂದೆ."

ಈ ದ್ವೀಪದಲ್ಲಿ ಹುಟ್ಟಿದವರ ಬಾಯಲ್ಲಿ ಆ ಮಾತು ಬರುವುದು ಸಾಧ್ಯವಿರಲಿಲ್ಲ. ಅವನ ತಪ್ಪೂ ಅಲ್ಲ. ದುಡಿಯುವ ಹಸುಗಳು ಎಲುಬು ಕಾಣಿಸಿಕೊಂಡು, ಬಾಲಕ್ಕೆ ಕೆಸರು ಮೆತ್ತಿಕೊಂಡು ನಿಂತಿರುತ್ತವೆ. ಮಿರಿಮಿರಿ ಮಿಂಚುವ ಮೈ ಬೇಕೆಂದರೆ ಕೆಲಸವಿಲ್ಲದವಳ ಹತ್ತಿರವೇ ಹೋಗಬೇಕು.

ಸುದ್ದಿ ಕೇಳಿ ಬಂದ ಅಮ್ಮನಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದಳು. "ನನ್ನ ಬಂಗಾರಿ! ಕೊನೆಗೂ ಕಣ್ಣಿರೋನೊಬ್ಬ ಈ ಊರಿಗೆ ಬಂದ."

"ಅತ್ತೆ, ಅದು ಹಾಲೇ ಕೊಡಲ್ಲ."

"ಅದಕ್ಕೇನೀಗ? ಸೋಪಿನ ಮೇಲೆ ಚೆಂದದ ಹುಡುಗಿ ಚಿತ್ರ ಇರುತ್ತೆ. ಸೋಪು ಅವಳು ಮಾಡಿದ್ದಾ?"

ಅಷ್ಟರಲ್ಲಿ ಕ್ಯಾನುಗಳು ಬರಲು ಶುರುವಾದವು. ಮೊದಲು ಬಂದವನು ಗಡ್ಡದ ಮಾವ. ಡೈರಿಗೆ ಬರುವ ಹಾಲಿನಲ್ಲಿ ಹೆಚ್ಚುಕಡಿಮೆ ಅರ್ಧ ಅವನದೇ. ಗಡ್ಡ ಎದೆಯ ತನಕ, ಮಾತು ಅದಕ್ಕಿಂತ ಉದ್ದ. ಕ್ಯಾನುಗಳನ್ನು ಇಳಿಸಿ ಸುರುಳಿಯ ಮೇಲೆ ಕಣ್ಣು ಹಾಯಿಸಿದ. ಕಳ್ಳಿಯ ಹಣೆಯ ಮಚ್ಚೆಗೆ ಬೆರಳೊತ್ತಿದ.

"ಮಾವ, ಅದೊಂದು ತಪ್ಪು ಆಗೋಯ್ತು..." ಎಂದಳು ಅತ್ತಿಗೆ.

"ತಪ್ಪಾ? ಬಡಿಸೋರು ನಮ್ಮವರಾದ್ರೆ ಕೊನೇ ಸಾಲಲ್ಲಿ ಕೂತ್ರೇನು ಅಂತ ದೊಡ್ಡವರು ಸುಮ್ನೆ ಹೇಳಿದ್ರಾ? ನನ್ನ ಹಸುಗಳು ಕೆಚ್ಚಲು ಹಿಂಡಿಸ್ಕೊಳ್ಳೋದು, ನಿಮ್ಮನೆ ರಾಣಿ ಮುಖ ತೋರ್ಸೋದು."

"ಬೇಕೂಂತ ಮಾಡಿದ್ದಲ್ಲ ಮಾವ."

"ಇವತ್ತಿನದು ಇಳಿಸಿಬಿಟ್ಟಿದ್ದೀನಿ, ತಗೋ. ನಾಳೆಯಿಂದ ಕಳ್ಳಿನೇ ಕರ್ಕೋ."

ಅವನು ಹೋದ ಮೇಲೆ ಅತ್ತಿಗೆ ಒಲೆ ಹೊತ್ತಿಸಿದಳು. ಹಾಲು ಕಾಯಿಸಿದೆವು, ತಣಿಸಿದೆವು, ಯಂತ್ರಕ್ಕೆ ಸುರುಳಿ ಪೋಣಿಸಿದೆವು. ಯಂತ್ರ ಖಟ್ ಎಂದು ಬೆಸೆದು, ಚಕ್ ಎಂದು ಕತ್ತರಿಸಿ, ಮೊದಲ ಪ್ಯಾಕೆಟ್ಟನ್ನು ನನ್ನ ಕೈಗೆ ಹಾಕಿತು. ಬೆಚ್ಚಗಿನ ಅಂಚು, ತಣ್ಣನೆಯ ಹೊಟ್ಟೆ. ಅಷ್ಟು ತೊಂದರೆಯ ನಡುವೆಯೂ ನನಗೆ ನಗು ಬಂತು. ಹೊಟ್ಟೆ ತುಂಬಿಸಿಕೊಂಡು ಉಬ್ಬಿದ ಕಳ್ಳಿ ನನ್ನನ್ನೇ ನೋಡುತ್ತಿದ್ದಳು, ಏನನ್ನೋ ಮೆಲ್ಲುತ್ತಾ.

ಅಂದು ಅಂಗಡಿಯಲ್ಲಿ ಸಾಲು ತುಂಬಿತು, ಸಂಜೆಗೆ ಖಾಲಿಯೂ ಆಯಿತು. ಹೊಸದೆಂದು ಕೊಂಡವರು ಅರ್ಧ, ನಗಲಿಕ್ಕೆ ಕೊಂಡವರು ಅರ್ಧ. ಮಂಗಳವಾರ ಗಡ್ಡದ ಮಾವನ ಕೈಗಾಡಿ ಬರಲಿಲ್ಲ. ಫ್ರಿಜ್ಜಿನಲ್ಲಿ ಅರ್ಧ ಸಾಲು ಬಾಯಿ ಬಿಟ್ಟುಕೊಂಡಿತ್ತು. ಅಂಗಡಿ ಅಕ್ಕ ಆ ಖಾಲಿ ಜಾಗವನ್ನು ನೋಡಿ, ನಮ್ಮನ್ನು ನೋಡಿ, ಸುಮ್ಮನೆ ತಕ್ಕಡಿ ಒರೆಸತೊಡಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ನಾವಿಬ್ಬರೂ ಒಂದು ಪ್ಯಾಕೆಟ್ ಹಿಡಿದುಕೊಂಡು ಗಡ್ಡದ ಮಾವನ ಮನೆಗೆ ಹೋದೆವು. ಹೋಗುವ ಮುಂಚೆ ನಾನು, "ಅಮ್ಮನ್ನ ಕರ್ಕೊಂಡು ಹೋಗೋಣ," ಎಂದೆ. ಅತ್ತಿಗೆ ಬೇಡ ಎಂದಳು. "ನನ್ನ ಕೆಲಸಕ್ಕೆ ಅತ್ತೆ ಯಾರ ಮುಂದೇನೂ ತಲೆ ತಗ್ಗಿಸೋದು ಬೇಡ. ನೀನೂ ಕೇಳಬಾರದು. ಆಣೆ."

ಮಾವ ಹಟ್ಟಿಯ ಮೆಟ್ಟಿಲ ಮೇಲೆ ಕುಳಿತು ಹಾಲಿಲ್ಲದ ಚಹಾ ಕುಡಿಯುತ್ತಿದ್ದ. ಡೈರಿಯ ಮೇಲಿನ ಸಿಟ್ಟು ತನ್ನ ಚಹಾಕ್ಕೂ ತಟ್ಟಲಿ ಎಂಬ ಹಟ ಇರಬೇಕು. ಅತ್ತಿಗೆ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಅವನ ಲೋಟಕ್ಕೆ ಹಾಲು ಬೆರೆಸಿದಳು. ಕಪ್ಪು ಚಹಾ ಕೆಂಪಗಾಯಿತು. ಅವನು ಬೇಡವೆನ್ನಲಿಲ್ಲ. ಒಂದು ಗುಟುಕು ಕುಡಿದು, ಮುಖ ತಿರುಗಿಸಿಕೊಂಡೇ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡ. ಕಣ್ಣಿನ ಹತ್ತಿರ ತಂದ. ದೂರ ಹಿಡಿದ. ಎದ್ದು ಬೆಳಕಿಗೆ ಹೋದ.

"ಇದು ನೇರಳೆ ಬಣ್ಣದ ಹೂವು," ಎಂದ.

"ಎಲ್ಲಿ ಮಾವ?"

"ಕಳ್ಳಿ ಹೊಟ್ಟೆ ಕೆಳಗೆ! ಹುಲ್ಲು ಹೊಟ್ಟೆ ಮುಟ್ಟೋ ಹಂಗೆ ಬೆಳೆದಿದೆ, ನೇರಳೆ ಹೂ ಬಿಟ್ಟಿದೆ. ಈ ಬೀಜ ಆಚೆ ದಡದಿಂದ ತಂದು ಬಿತ್ತಿದೋನು ನಾನೊಬ್ನೇ. ಈ ಊರಲ್ಲಿ ಇನ್ಯಾರ ಹೊಲದಲ್ಲಿದೆ ಇದು, ಹೇಳು ನೋಡೋಣ!"

ನಾವು ಬಗ್ಗಿ ನೋಡಿದೆವು. ಹೌದು. ಕಳ್ಳಿ ನಿಂತಿದ್ದದ್ದು ಗಡ್ಡದ ಮಾವ ಬೇಲಿ ಹಾಕಿ ಕಾಯ್ದಿಟ್ಟ ಹುಲ್ಲುಗಾವಲಿನ ನಟ್ಟನಡುವೆ. ಹಿಂದೆ ಅವನ ಬೇಲಿಯ ಹಸಿರು ಗೂಟಗಳೂ ಕಾಣುತ್ತಿದ್ದವು. ಬಾಯ ತುದಿಯಲ್ಲಿ ಒಂದು ನೇರಳೆ ಹೂ ಇನ್ನೂ ನೇತಾಡುತ್ತಿತ್ತು.

ಮಾವ ಸಿಟ್ಟಾಗುತ್ತಾನೆಂದು ನಾನು ಕಾದೆ. ಅವನು ಗಡ್ಡ ಅಲುಗುವ ಹಾಗೆ ನಕ್ಕ. "ಎಷ್ಟು ವರ್ಷ ಬಾಯಿ ಬಡ್ಕೊಂಡೆ! ಕಳ್ಳಿ ನನ್ನ ಹುಲ್ಲು ಮೇಯ್ತಾಳೆ ಅಂದ್ರೆ ನಿಮ್ಮಮ್ಮ ಏನನ್ನೋಳು? ಕೊಟ್ಟಿಗೆ ಬಿಟ್ಟು ಕದಲಲ್ಲ! ಈಗ ಬಣ್ಣದಲ್ಲಿ ಅಚ್ಚು ಹಾಕ್ಸಿ ಊರಿಗೆಲ್ಲ ಹಂಚ್ತಿದ್ದೀರಿ. ಕಳ್ಳಿ ಮಾಲು ಸಮೇತ ಸಿಕ್ಕಿಬಿದ್ಲು!"

"ಮಾವ," ಎಂದಳು ಅತ್ತಿಗೆ, "ಕೊಟ್ಟಿಗೆ ಗೇಟಿನ ಅಗುಳಿ ಹಾಕೋದು ನನ್ನ ಕೆಲಸ. ನಾನೇ ಮರೀತಿದ್ದೆ ಅನ್ಸುತ್ತೆ. ತಪ್ಪು ನಂದು ಅಂತ ಇಟ್ಕೊಳ್ಳಿ. ಹಾಲು ಮಾತ್ರ ನಿಲ್ಲಿಸ್ಬೇಡಿ."

"ನೀನಾ? ಕ್ಯಾನಿನ ಮುಚ್ಚಳ ಹಾಕಿದ್ಮೇಲೂ ತಿರುಗಿ ಬಂದು ಮುಟ್ಟಿ ನೋಡೋಳು. ನೀನು ಅಗುಳಿ ಮರೆತೆ ಅಂದ್ರೆ ನಾನು ಗಡ್ಡ ಮರೆತು ಬಂದೆ ಅಂದ ಹಂಗೆ." ಅವನು ಪ್ಯಾಕೆಟ್ಟಿನಲ್ಲಿ ಉಳಿದ ಹಾಲನ್ನೂ ಲೋಟಕ್ಕೆ ಬಗ್ಗಿಸಿಕೊಂಡು, ಖಾಲಿ ಚೀಲವನ್ನು ಜೋಪಾನವಾಗಿ ತೊಳೆದು ಜೇಬಿಗಿಟ್ಟ. "ಚಿತ್ರದ ಸಿಟ್ಟು ಹೋಯ್ತು, ಮಗಳೇ. ಚಿತ್ರದಲ್ಲಿ ನನ್ನ ಹುಲ್ಲೂ ಇದೆ. ಈಗ ಬೇಕಾಗಿರೋದು ಒಂದೇ. ಕಳ್ಳಿ ನನ್ನ ಹುಲ್ಲು ಮೇದಿದ್ದು ಹೌದು ಅಂತ ನಿಮ್ಮತ್ತೆ ಅಂಗಡೀಲಿ ನಾಲ್ಕು ಜನರ ಮುಂದೆ ಅನ್ಲಿ. ಮರುದಿನ ಬೆಳಿಗ್ಗೆ ನನ್ನ ಕ್ಯಾನು ನಿಮ್ಮ ಬಾಗಿಲಲ್ಲಿ."

ದಾರಿಯುದ್ದಕ್ಕೂ ಅತ್ತಿಗೆ ತಲೆ ತಗ್ಗಿಸಿಕೊಂಡೇ ನಡೆದಳು. ಅಮ್ಮ ಹೌದು ಅನ್ನುವುದು! ಅಮ್ಮ ಜೀವನದಲ್ಲಿ ಒಂದೇ ಸಲ ಯಾರಿಗೋ ಹೌದು ಅಂದದ್ದು, ಅದು ಮದುವೆಯಲ್ಲಿ. ಅದನ್ನೂ ಅಪ್ಪ ಇರುವ ತನಕ ಎತ್ತಿ ಆಡುತ್ತಿದ್ದಳು.

ಆದರೆ ಬುಧವಾರದಿಂದ ಊರಿಗೆ ಹೊಸ ಕೆಲಸ ಸಿಕ್ಕಿತು. ಗಡ್ಡದ ಮಾವ ಖಾಲಿ ಪ್ಯಾಕೆಟ್ಟನ್ನು ನೆಟ್ಟಗೆ ಮಾಡಿ, ಸಿಕ್ಕಸಿಕ್ಕವರಿಗೆ ನೇರಳೆ ಹೂ ತೋರಿಸಿದ. ನೋಡಿದವರು ಸುಮ್ಮನಿರುತ್ತಾರೆಯೇ? ತಮ್ಮದೇನಾದರೂ ಕಾಣುತ್ತದೆಯೇ ಎಂದು ಒಂದು ಪ್ಯಾಕೆಟ್ ಕೊಂಡು ನೋಡಿದರು. ದರ್ಜಿ ತನ್ನ ಸೂಜಿಗೆ ದಾರ ಪೋಣಿಸುವ ಭೂತಗನ್ನಡಿ ತಂದು, ಅಂಗಡಿ ಮೆಟ್ಟಿಲ ಮೇಲೆ ಪ್ಯಾಕೆಟ್ಟನ್ನು ಹರಡಿಕೊಂಡ.

"ಕೊಂಬಿಗೆ ಸಿಕ್ಕಿರೋ ನೀಲಿ ಚೂರು ನೋಡಿದ್ರಾ? ಅದು ನನ್ನ ಅಳತೆ ಟೇಪು! ಟೇಪು ಕಳ್ಕೊಂಡು ಒಂದು ತಿಂಗಳು ಕಣ್ಣಳತೇಲಿ ಹೊಲಿದೆ."

"ಅದಕ್ಕೇನಾ ನನ್ನ ಅಂಗಿ ತೋಳು ಒಂದು ಉದ್ದ ಒಂದು ಗಿಡ್ಡ?" ಎಂದರು ಮೇಷ್ಟರು.

"ಅದು ನಿಮ್ಮ ಕೈಯೇ ಹಂಗಿದೆ ಮೇಷ್ಟ್ರೇ."

ಒಬ್ಬಳಿಗೆ ದೂರದಲ್ಲಿ ತನ್ನ ಮನೆಯ ಹೊಗೆಗೂಡು ಕಂಡಿತು. ಇನ್ನೊಬ್ಬನಿಗೆ ತನ್ನ ದೋಣಿಯ ಕೆಂಪು ತುದಿ ಕಂಡಿತು. ಅದು ಅವನ ದೋಣಿಯಲ್ಲ ತನ್ನದು ಎಂದು ಅವನ ಭಾವ ಜಗಳಕ್ಕೆ ನಿಂತ. ಯಾರೋ ಅಜ್ಜಿ, "ಇಷ್ಟು ವರ್ಷ ಇವಳು ನಮ್ದೆಲ್ಲ ತಿಂದ್ಲು, ಈಗ ಇವಳ ಹೆಸರಲ್ಲಿ ನಾವು ಕುಡಿಯೋಣ. ಲೆಕ್ಕ ಚುಕ್ತಾ," ಎಂದು ಎರಡು ಪ್ಯಾಕೆಟ್ ಚೀಲಕ್ಕೆ ಹಾಕಿಕೊಂಡಳು. ಒಮ್ಮೆ ಕೊಂಡು ಕುಡಿದವರಿಗೆ ಇನ್ನೊಂದು ವಿಷಯವೂ ನೆನಪಾಗಿತ್ತು, ಅದು ನಗುವಿನ ಮಾತಲ್ಲ: ಬೆಳಿಗ್ಗೆ ಕರೆದ ಹಾಲಿಗೂ ದೋಣಿಯಲ್ಲಿ ತೂಗಾಡಿ ಬಂದ ಹಾಲಿಗೂ ರುಚಿ ಬೇರೆ. ಆಚೆ ದಡದ ಪ್ಯಾಕೆಟ್ಟುಗಳು ಫ್ರಿಜ್ಜಿನ ಕೆಳಸಾಲಿನಲ್ಲಿ ತಣ್ಣಗೆ ಕುಳಿತವು.

ಹೀಗೆ ಬುಧವಾರ, ಗುರುವಾರ ಎರಡು ದಿನವೂ ನಮ್ಮ ಸಾಲು ಮಧ್ಯಾಹ್ನಕ್ಕೆ ಮುಂಚೆಯೇ ಬರಿದಾಯಿತು. ತೊಂದರೆ ಏನೆಂದರೆ, ಬೆಳಿಗ್ಗೆಯೇ ಅದು ಅರ್ಧ ಇರುತ್ತಿತ್ತು. ತಡವಾಗಿ ಬಂದವರು ಬರಿಗೈಯಲ್ಲಿ ಹೋದರು. ಶುಕ್ರವಾರ ಬೆಳಿಗ್ಗೆ ಅಂಗಡಿ ಅಕ್ಕ ಅತ್ತಿಗೆಯನ್ನು ಫ್ರಿಜ್ಜಿನ ಹತ್ತಿರ ಕರೆದಳು.

"ಕೊಳ್ಳೋರಿದ್ದಾರೆ, ಒಪ್ಪಿದೆ. ಆದರೆ ಅರ್ಧ ಊರಿಗೆ ಹಾಲು, ಅರ್ಧ ಊರಿಗೆ ಕತೆ ಅಂದ್ರೆ ನಾನು ಏನು ಮಾಡ್ಲಿ? ಮಕ್ಕಳಿರೋ ಮನೆಯೋರು ನನ್ನನ್ನ ಬೈತಾರೆ. ನಾಳೆ ಬೆಳಿಗ್ಗೆ ಸಾಲು ತುಂಬದಿದ್ರೆ ಆ ಸಾಲಿಗೂ ಆಚೆ ದಡದ ಹಾಲು ತನ್ನಿ ಅಂತ ನಾನು ದೋಣಿಯೋರಿಗೆ ಹೇಳ್ಬೇಕಾಗುತ್ತೆ. ನಂಗೂ ಇಷ್ಟ ಇಲ್ಲ ಕಣೇ."

ಅತ್ತಿಗೆ ಸರಿ ಎಂದಳು. ಪ್ಯಾಕಿಂಗ್ ಕೋಣೆಗೆ ಬಂದು, ಒರೆಸಿದ ಯಂತ್ರವನ್ನೇ ಮತ್ತೆ ಒರೆಸತೊಡಗಿದಳು. ಮೂಲೆಯಲ್ಲಿ ರಾಶಿ ಹಾಕಿದ್ದ ಸುರುಳಿಗಳ ಮೇಲೆ ಒಂದು ಹೊದಿಕೆ ಎಳೆದಳು, ಮಲಗಿದ ಮಕ್ಕಳಿಗೆ ಹೊದಿಸುವ ಹಾಗೆ.

ಅಮ್ಮನನ್ನು ಕೇಳುವುದಿಲ್ಲ ಎಂದು ನಾನು ಆಣೆ ಇಟ್ಟಿದ್ದೆ. ಕೇಳಲಿಲ್ಲ. ಮಧ್ಯಾಹ್ನ ತವರುಮನೆಗೆ ಹೋದೆ. ನನ್ನ ಮನೆಯಿಂದ ಎರಡು ಬಾಗಿಲ ಆಚೆ. ಅಮ್ಮ ಕಳ್ಳಿಯ ಕತ್ತು ಬಾಚುತ್ತಿದ್ದಳು. ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ, ಎಲ್ಲಿಗೋ ನೋಡುತ್ತಾ ಒಂದು ಮಾತು ಬೀಳಿಸಿದೆ.

"ಊರಲ್ಲೆಲ್ಲ ಒಂದು ಸುದ್ದಿ ಅಮ್ಮ. ಅತ್ತಿಗೆ ಗೇಟಿನ ಅಗುಳಿ ಹಾಕೋದಿಲ್ವಂತೆ. ಅವಳ ಅಜಾಗರೂಕತೆಯಿಂದಾನೇ ಬಂಗಾರಿ ಹೊರಗೆ ಹೋಗಿದ್ದಂತೆ."

ಬಾಚಣಿಗೆ ನಿಂತಿತು. "ಯಾವನು ಹೇಳ್ದ?"

"ಅತ್ತಿಗೆನೇ ಗಡ್ಡದ ಮಾವನ ಹತ್ರ ಒಪ್ಕೊಂಡ್ಲು. ತಪ್ಪು ನಂದು ಅಂದ್ಲು."

"ಅವಳು ಒಪ್ಕೊಂಡ್ಲಾ? ನನ್ನ ಸೊಸೆ ಅಗುಳಿ ಹಾಕಲ್ವಾ?" ಅಮ್ಮನ ಮುಖ ಕೆಂಪಾಯಿತು. "ಮಲಗೋ ಮುಂಚೆ ಇಡೀ ಮನೆ ಸುತ್ತಿ ಬಾಗಿಲು ತಳ್ಳಿ ನೋಡೋಳು! ಅವಳಿಗೆ ಅಜಾಗರೂಕತೆ ಅಂತಾರಾ ಈ ಊರೋರು?"

ನಾನು ಮನೆಗೆ ಹೊರಟೆ. ಒಣಹುಲ್ಲಿಗೆ ಬೆಂಕಿಕಡ್ಡಿ ಗೀರಿದ ಮೇಲೆ ಊದಬೇಕಾಗಿಲ್ಲ.

ಸಂಜೆ ದೋಣಿಯಲ್ಲಿ ಬ್ರೆಡ್ಡು, ತರಕಾರಿ ಬರುವ ಹೊತ್ತಿಗೆ ಅಂಗಡಿ ತುಂಬಿರುತ್ತದೆ. ಅಮ್ಮ ಮದುವೆಮನೆಗೆ ಹೋಗುವಾಗ ಹಾಕುವ ಬಟ್ಟೆ ಹಾಕಿಕೊಂಡು ಒಳಗೆ ಬಂದಳು. ಹಿಂದೆ ನಾನು. ಅತ್ತಿಗೆ ಫ್ರಿಜ್ಜಿನ ಹತ್ತಿರ ಖಾಲಿ ಟ್ರೇ ಎತ್ತಿಕೊಳ್ಳುತ್ತಿದ್ದವಳು ಅಮ್ಮನನ್ನು ಕಂಡು ನನ್ನ ಕಡೆ ಕಣ್ಣು ಬಿಟ್ಟಳು. ನಾನು ಈರುಳ್ಳಿ ಆರಿಸತೊಡಗಿದೆ. ಗಡ್ಡದ ಮಾವ ತಕ್ಕಡಿಯ ಪಕ್ಕದಲ್ಲೇ ನಿಂತಿದ್ದ, ಜೇಬಿನಲ್ಲಿ ಸಾಕ್ಷಿ ಇಟ್ಟುಕೊಂಡು.

"ಗಡ್ಡ," ಎಂದಳು ಅಮ್ಮ. "ನನ್ನ ಸೊಸೆ ಅಗುಳಿ ಹಾಕಲ್ಲ ಅಂತ ನೀನು ಊರಿಗೆಲ್ಲ ಸಾರ್ತಿದ್ದೀಯಂತೆ?"

"ನಾನೆಲ್ಲಿ ಸಾರ್ದೆ ಅಕ್ಕ? ಅವಳೇ ಅಂದ್ಲು. ನಾನು ನಂಬ್ಲಿಲ್ಲ."

"ನಂಬ್ಲೂ ಬಾರದು! ಅವಳು ದಿನಾ ಹಾಕ್ತಾಳೆ. ಭದ್ರವಾಗಿ ಹಾಕ್ತಾಳೆ." ಅಮ್ಮ ಸುತ್ತ ನೋಡಿದಳು, ಬ್ರೆಡ್ಡು ಹಿಡಿದವರೂ ಆಲೂಗೆಡ್ಡೆ ಹಿಡಿದವರೂ ಹಾಗೇ ನಿಂತಿದ್ದರು. "ಅವಳು ಹಾಕಿ ಆಚೆ ಹೋದ್ಮೇಲೆ ತೆಗೀತಿದ್ದೋಳು ನಾನು."

ಅತ್ತಿಗೆ ಟ್ರೇ ಹಿಡಿದುಕೊಂಡೇ ಮುಂದೆ ಬಂದಳು.

"ಅತ್ತೆ, ಬಿಡಿ..."

"ನೀನು ಸುಮ್ನಿರು. ಇಷ್ಟು ದಿನ ನೀನು ಮಾತಾಡಿದ್ದು ಸಾಕು." ಅಮ್ಮ ಗಡ್ಡದ ಮಾವನ ಎದುರಿಗೆ ಹೋಗಿ ನಿಂತಳು. ಅವನ ಎದೆಯ ತನಕ ಬರುತ್ತಾಳೆ ಅಷ್ಟೆ. ಮಾತಾಡಿದ್ದು ಗಡ್ಡದ ಜೊತೆಗೇ. "ಹೌದಪ್ಪಾ, ನನ್ನ ಬಂಗಾರಿ ನಿನ್ನ ಹುಲ್ಲು ಮೇದಿದ್ದಾಳೆ. ನಿನ್ನ ಬೇಲಿ ಗೇಟನ್ನೂ ತೆಗೆದು ನಾನೇ ಕಳಿಸಿದ್ದು. ಯಾಕೆ ಗೊತ್ತಾ? ಈ ದ್ವೀಪದಲ್ಲಿ ಹುಲ್ಲು ಅಂದ್ರೆ ನಿನ್ನದೊಂದೇ. ಉಳಿದೋರ ಹುಲ್ಲನ್ನ ಅವಳು ಮೂಸೋದೂ ಇಲ್ಲ. ಅಂಥ ಹುಲ್ಲು ತಿಂದ್ಲು ಅಂತಾನೇ ಅವಳ ಮೈ ಅಷ್ಟು ಮಿಂಚಿದ್ದು, ಅದಕ್ಕೇ ಫೋಟೋದೋನು ಅವಳನ್ನೇ ಆರಿಸಿದ್ದು. ಈಗ ಹೇಳು, ಪ್ಯಾಕೆಟ್ ಮೇಲಿರೋದು ಯಾರ ಕೈಗುಣ?"

ಗಡ್ಡದ ಮಾವನ ಬಾಯಿ ತೆರೆಯಿತು. ವರ್ಷಗಟ್ಟಲೆ ಕಾದ ಹೌದು ಅವನಿಗೆ ಸಿಕ್ಕಿತ್ತು, ಅದರ ಜೊತೆಗೆ ಕೇಳದೇ ಇದ್ದ ಹೊಗಳಿಕೆಯೂ ಬಂದುಬಿಟ್ಟಿತ್ತು. ಎರಡನ್ನೂ ಒಟ್ಟಿಗೆ ಹೇಗೆ ಹಿಡಿದುಕೊಳ್ಳುವುದೆಂದು ತಿಳಿಯದೆ ಗಡ್ಡ ನೀವಿಕೊಂಡ.

"ಅಕ್ಕ... ಅದು ಬರೀ ಬೀಜದ ಗುಣ ಅಲ್ಲ," ಎಂದ ಕೊನೆಗೆ, ಮೆಲ್ಲಗೆ. "ಕಡಲಪಾಚಿ ಗೊಬ್ಬರ ಹಾಕ್ತೀನಿ."

"ಹಂಗನ್ನು! ನಾನೂ ಅಂದ್ಕೊಂಡೆ, ಇಷ್ಟು ರುಚಿ ಎಲ್ಲಿಂದ ಅಂತ."

"ನೀನು ತಿಂದು ನೋಡಿದ್ಯಾ ದೊಡ್ಡಮ್ಮ?" ಎಂದು ದರ್ಜಿ ಹಿಂದಿನಿಂದ ಕೂಗಿದ. ಇಡೀ ಅಂಗಡಿ ಹೋ ಎಂದು ನಕ್ಕಿತು. ಅಮ್ಮ ತಿರುಗಿ, "ನಿನ್ನ ಟೇಪೂ ಅವಳೇ ತಿಂದಿದ್ದು. ಅದು ಮಾತ್ರ ಅವಳಿಗೆ ಸೇರಲಿಲ್ಲ," ಎಂದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವನ್ನೂ ಒಪ್ಪಿಕೊಂಡು ಮುಗಿಸುವ ಹುಮ್ಮಸ್ಸು ಬಂದಿತ್ತು ಅವಳಿಗೆ. ಮೇಷ್ಟರ ಹುರುಳಿಕಾಯಿಯನ್ನೂ ಸೇರಿಸಿದಳು.

ಅತ್ತಿಗೆ ಟ್ರೇಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಟ್ರೇಗೆ ಗೊತ್ತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕೈಗಾಡಿಯ ಸದ್ದು ಕೇಳಿಸಿತು. ಗಡ್ಡದ ಮಾವನ ಕ್ಯಾನುಗಳ ಹಿಂದೆ ಇನ್ನೊಂದು ಮನೆಯವರದೂ ಬಂತು. ಹಸು ಮಾರಬೇಕೆಂದಿದ್ದ ಮನೆ ಅದು. ಯಂತ್ರ ಖಟ್ ಚಕ್ ಎಂದು ಮೈ ಬಿಸಿ ಮಾಡಿಕೊಂಡಿತು. ಅತ್ತಿಗೆ ಮೂಗು ಹತ್ತಿರ ತಂದು, "ಕಿತ್ತಳೆ ವಾಸನೆ ಹೋಯ್ತು ನೋಡೇ," ಎಂದಳು. ಅಂಗಡಿಯ ಸಾಲನ್ನು ಈ ತುದಿಯಿಂದ ಆ ತುದಿಗೆ ಒತ್ತೊತ್ತಾಗಿ ತುಂಬಿದೆವು. ಇಡೀ ಸಾಲಿನ ಕಳ್ಳಿಯರು ಗಾಜಿನ ಹಿಂದಿನಿಂದ ಊರನ್ನು ನೋಡುತ್ತಾ ಮೆಲುಕು ಹಾಕಿದರು.

ಸಂಜೆ ನಾವು ಮೂವರೂ, ಅಮ್ಮ ಸೇರಿ, ಅಂಗಡಿಗೆ ಹೋದಾಗ ಬಾಗಿಲು ಅರ್ಧ ಎಳೆದಿತ್ತು. ಅಂಗಡಿ ಅಕ್ಕ ಫ್ರಿಜ್ಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಸಾಲು ಖಾಲಿ. ಪೂರ್ತಿ ಖಾಲಿಯಲ್ಲ. ಹಿಂದಿನ ಮೂಲೆಯಲ್ಲಿ ಒಂದು ಪ್ಯಾಕೆಟ್ ಕುಳಿತಿತ್ತು.

ಅತ್ತಿಗೆಯ ಮುಖ ಇಳಿಯಿತು. "ಒಂದು ಉಳೀತು," ಎಂದಳು.

"ಉಳೀಲಿಲ್ಲ," ಎಂದು ಅಂಗಡಿ ಅಕ್ಕ ಕೈ ಚಾಚಿ ಅದನ್ನು ಎಳೆದು ತನ್ನ ಚೀಲಕ್ಕೆ ಹಾಕಿಕೊಂಡಳು. "ಬೆಳಿಗ್ಗೇನೇ ಹಿಂದೆ ಬಚ್ಚಿಟ್ಟಿದ್ದೆ. ಇಡೀ ವಾರ ಊರಿಗೆಲ್ಲ ಮಾರಿ ನಾನೊಬ್ಳು ಆಚೆ ದಡದ್ದು ಕುಡಿದೆ. ಇವತ್ತು ಮುಂದೆ ಇಟ್ಟಿದ್ರೆ ನಂಗೆಲ್ಲಿ ಸಿಗ್ತಿತ್ತು?" ಆಮೇಲೆ ಕೆಳಸಾಲಿನ ಕಡೆ ಗಲ್ಲ ತೋರಿಸಿ, "ಸೋಮವಾರದಿಂದ ಅದೂ ನಿಮ್ದೇ. ತುಂಬಿಸ್ತೀರಾ?" ಎಂದಳು.

"ತುಂಬಿಸ್ತೀವಿ," ಎಂದದ್ದು ಅಮ್ಮ. ಸೊಸೆಗೆ ಬಾಯಿ ತೆರೆಯಲು ಬಿಡಲೇ ಇಲ್ಲ.

ಮನೆಗೆ ಬರುವ ದಾರಿ ಗಡ್ಡದ ಮಾವನ ಹುಲ್ಲುಗಾವಲಿನ ಬದಿಯಲ್ಲೇ ಹೋಗುತ್ತದೆ. ಬೇಲಿಯ ಗೇಟು ಹಾರುಹೊಡೆದಿತ್ತು. ನೇರಳೆ ಹೂಗಳ ನಡುವೆ ಹೊಟ್ಟೆಯ ತನಕ ಮುಳುಗಿ ಕಳ್ಳಿ ಮೇಯುತ್ತಿದ್ದಳು. ಅತ್ತಿಗೆ ಗಾಬರಿಯಿಂದ ಅಮ್ಮನ ಕಡೆ ತಿರುಗಿದಳು.

"ನಾನಲ್ಲ! ಆಣೆಗೂ ನಾನಲ್ಲ!" ಎಂದಳು ಅಮ್ಮ.

ಗಡ್ಡದ ಮಾವ ಗೇಟಿನ ಗೂಟಕ್ಕೆ ಒರಗಿ, ಲೋಟದಲ್ಲಿ ಚಹಾ ಹಿಡಿದುಕೊಂಡು ನಿಂತಿದ್ದ. ಹಾಲು ಹಾಕಿದ ಒಳ್ಳೆಯ ಕೆಂಪು ಚಹಾ.

"ಏನೋ ಗಡ್ಡ, ಗೇಟು ತೆಗೆದೋರು ಯಾರು?"

ಸಮುದ್ರದ ಮೇಲೆ ಒಂದು ಸುಕ್ಕೂ ಇರಲಿಲ್ಲ. ಹುಲ್ಲಿನ ಒಂದು ಎಸಳೂ ಅಲುಗುತ್ತಿರಲಿಲ್ಲ. ಮಾವ ಚಹಾ ಒಂದು ಗುಟುಕು ಹೀರಿ, ಆಕಾಶ ನೋಡಿ, "ಗಾಳಿ ಇರಬೇಕು ಅಕ್ಕ," ಎಂದ.

"ಹೂಂ," ಎಂದಳು ಅಮ್ಮ. "ಈ ಹೊತ್ತಲ್ಲಿ ಜೋರಾಗಿ ಬೀಸುತ್ತೆ."